ಕೊರೊನಾ ಹೋಗಿ ತಿಂಗಳಾದರೂ ಎಸ್‌ಜಿಪಿಟಿ ಇಳಿದಿಲ್ಲ: ಲಿವರ್ ಹಾಳಾಯಿತೇ?

ಪ್ರಶ್ನೆ: ನನಗೆ 46 ವರ್ಷ. ಹೊಸನಗರದ ಹತ್ತಿರ ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ಐದು ವಾರದ ಹಿಂದೆ ಎರಡು ದಿನ ವಾಂತಿ, ಭೇದಿ ಆಗಿ, ಮೂರನೇ ದಿನ ಜ್ವರ, ಕೆಮ್ಮು ಶುರುವಾಯಿತು. ಪರೀಕ್ಷೆ ಮಾಡಿಸಿದಾಗ ಕೊರೊನಾ ಎಂದು ಬಂತು. ಆಸ್ಪತ್ರೆ ಸೇರಲಿಲ್ಲ. ಜ್ವರಕ್ಕೆ 650ರ ಮಾತ್ರೆ, ಜೊತೆಗೆ ನೆಗಡಿ ಮಾತ್ರೆ, ಐದು ದಿನ ಯಾವುದೋ ಆಂಟಿಬಯೋಟಿಕ್ ನುಂಗಿದೆ. ಅಂದಿನಿಂದ ಇಂದಿನವರೆಗೂ ದಿನಕ್ಕೆ ಮೂರು ಹೊತ್ತು ಅಮೃತಬಳ್ಳಿ, ಕಾಳುಮೆಣಸು, ಶುಂಠಿಯ ಕಷಾಯ ಕುಡಿಯುತ್ತಿದ್ದೇನೆ. ಮೊನ್ನೆ ರಕ್ತ ಪರೀಕ್ಷೆಯಲ್ಲಿ ಎಸ್‌ಜಿಪಿಟಿ 118, ಎಸ್‌ಜಿಒಟಿ 84, ಬಿಲಿರುಬಿನ್ 0.9 ಬಂದಿದೆ. ಊಟವಾದ ಕೂಡಲೇ ಹೊಟ್ಟೆ ಉಬ್ಬರಿಸುತ್ತದೆ, ದಿನಕ್ಕೆ ಎರಡು ಮೂರು ಸಲ ಸಡಿಲವಾಗಿ ಹೋಗುತ್ತದೆ. ಕೊರೊನಾದಿಂದ ಲಿವರ್ ಹಾಳಾಗಿದೆಯೇ? ಎಣ್ಣೆ, ತುಪ್ಪ, ಉಪ್ಪು ಬಿಟ್ಟು ಪಥ್ಯ ಮಾಡಬೇಕು ಅನ್ನುತ್ತಾರೆ. ಲಿವರ್ ಟಾನಿಕ್ ತೆಗೆದುಕೊಳ್ಳಲೇ?

ಉತ್ತರ: ನೀವು ಬರೆದ ಅಂಕಿಗಳಲ್ಲಿ ಲಿವರ್ ಹಾಳಾದ ಲಕ್ಷಣ ಕಾಣುವುದಿಲ್ಲ. ಎಸ್‌ಜಿಪಿಟಿ, ಎಸ್‌ಜಿಒಟಿ ಎಂದರೆ ಕೋಶಗಳಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಕಿಣ್ವಗಳು. ಆದರೂ ಒಂದು ವಿಷಯ ಕೂಡಿಬರುತ್ತಿಲ್ಲ. ಮನೆಯಲ್ಲೇ ವಾಸಿಯಾದ ಕೊರೊನಾದಿಂದ ಏರಿದ ಎಸ್‌ಜಿಪಿಟಿ ಐದನೇ ವಾರದಲ್ಲೂ 118ರಲ್ಲಿ ನಿಂತಿರುವುದು ಅಪರೂಪ. ಹಾಗಾಗಿ ವೈರಸ್ಸಿನ ಮೇಲೆ ಹೊರೆ ಹಾಕಿ ಕೂರುವ ಬದಲು ಬೇರೆ ಕಡೆಗೂ ಕಣ್ಣು ಹಾಯಿಸಬೇಕು. ಅಮೃತಬಳ್ಳಿ ಕಷಾಯವನ್ನು ಇವತ್ತೇ ನಿಲ್ಲಿಸಿ, ಎರಡು ವಾರ ಬಿಟ್ಟು ರಕ್ತ ಪರೀಕ್ಷೆ ಮತ್ತೆ ಮಾಡಿಸಿ. ಟಾನಿಕ್ ಬೇಡ, ಉಪ್ಪು ಬಿಡುವುದೂ ಬೇಡ. ಯಾಕೆ ಎಂಬುದನ್ನು ಕರುಳಿನಿಂದಲೇ ಶುರುಮಾಡಿ ಹೇಳಬೇಕಾಗುತ್ತದೆ.

ಜ್ವರಕ್ಕಿಂತ ಮೊದಲು ಭೇದಿ ಬಂದದ್ದು ನಿಮಗೆ ವಿಚಿತ್ರ ಅನ್ನಿಸಿರಬಹುದು. ಕೊರೊನಾ ವೈರಸ್ ಜೀವಕೋಶದೊಳಗೆ ನುಗ್ಗಲು ಎಸಿಇ-2 ಎಂಬ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಈ ಪ್ರೋಟೀನ್ ಶ್ವಾಸಕೋಶದಲ್ಲಿ ಮಾತ್ರ ಇರುವುದಲ್ಲ. ಸಣ್ಣ ಕರುಳಿನ ಒಳಗೋಡೆಯಲ್ಲಿ, ಆಹಾರ ಹೀರುವ ಕೋಶಗಳ ಮೇಲೆ ಅದು ಹೇರಳವಾಗಿದೆ. ಕರುಳಿನಲ್ಲಿ ಅದರ ಸಹಜ ಕೆಲಸಗಳಲ್ಲೊಂದು ಪ್ರೋಟೀನಿನ ತುಣುಕುಗಳಾದ ಅಮೈನೋ ಆಮ್ಲಗಳನ್ನು ಒಳಗೆ ಎಳೆದುಕೊಳ್ಳಲು ನೆರವಾಗುವುದು. ವೈರಸ್ ಅಲ್ಲಿ ಬೀಡುಬಿಟ್ಟರೆ ಕೋಶಗಳಿಗೆ ಉರಿಯೂತ ಬರುತ್ತದೆ, ನೀರು ಮತ್ತು ಲವಣ ಹೀರುವ ಕೆಲಸ ಕುಂಟುತ್ತದೆ, ಭೇದಿಯಾಗುತ್ತದೆ. ಹಸಿವು ಸತ್ತುಹೋಗುವುದು, ವಾಕರಿಕೆ, ವಾಂತಿ, ಹೊಟ್ಟೆನೋವು ಕೂಡ ಹೀಗೇ. 2020ರ ಜನವರಿಯಲ್ಲಿ ಅಮೆರಿಕದಲ್ಲಿ ಪತ್ತೆಯಾದ ಮೊದಲ ರೋಗಿಗೂ ವಾಕರಿಕೆ, ವಾಂತಿ, ಭೇದಿ ಇತ್ತು. ಮಲದಲ್ಲೂ ವೈರಸ್ಸಿನ ಕುರುಹು ಸಿಕ್ಕಿತ್ತು.

ಮಲದಲ್ಲಿ ವೈರಸ್ಸಿನ ಆರ್‌ಎನ್‌ಎ (ಅದರ ವಂಶವಾಹಿ ವಸ್ತು) ಗಂಟಲಿನಲ್ಲಿ ಇರುವುದಕ್ಕಿಂತ ಬಹಳ ಕಾಲ ಉಳಿಯುತ್ತದೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೊದಲ ವಾರ ಸುಮಾರು ಅರ್ಧದಷ್ಟು ಜನರ ಮಲದಲ್ಲಿ, ನಾಲ್ಕು ತಿಂಗಳ ನಂತರ ಸುಮಾರು ಶೇ 13 ಜನರಲ್ಲಿ, ಏಳು ತಿಂಗಳಾದರೂ ಸುಮಾರು ಶೇ 4 ಜನರಲ್ಲಿ ಅದು ಕಂಡುಬಂತು. ಇದನ್ನು ಓದಿ ಮನೆಯವರು ಶೌಚಾಲಯ ಬೇರೆ ಮಾಡುವ ಅಗತ್ಯವಿಲ್ಲ. ಆರ್‌ಎನ್‌ಎ ಸಿಕ್ಕಿತೆಂದರೆ ಜೀವಂತ ವೈರಸ್ ಇದೆ ಎಂದರ್ಥವಲ್ಲ, ಮಲದ ಮೂಲಕ ಹರಡುವುದು ಈ ರೋಗದ ಮುಖ್ಯ ದಾರಿಯೂ ಅಲ್ಲ. ಸೋಪು ಹಚ್ಚಿ ಕೈ ತೊಳೆದರೆ ಸಾಕು.

ಇನ್ನು ಲಿವರ್. ಇಲ್ಲಿ ಎಸಿಇ-2 ಹೆಚ್ಚಾಗಿರುವುದು ಪಿತ್ತನಾಳದ ಒಳಪದರದಲ್ಲಿ. ಲಿವರಿನ ಮುಖ್ಯ ಕೋಶಗಳಲ್ಲಿ ತೀರಾ ಕಡಿಮೆ. ಆದ್ದರಿಂದ ಹೆಪಟೈಟಿಸ್ ಬಿ ವೈರಸ್ಸಿನಂತೆ ಕೊರೊನಾ ಲಿವರನ್ನೇ ಗುರಿಯಿಟ್ಟು ಹೊಡೆಯುವುದಿಲ್ಲ. ಕಿಣ್ವಗಳು ಏರುವುದಕ್ಕೆ ಕಾರಣ ಬಹುಮಟ್ಟಿಗೆ ಪರೋಕ್ಷ: ದೇಹದಲ್ಲೆಲ್ಲ ಎದ್ದಿರುವ ಉರಿಯೂತ, ರಕ್ತದಲ್ಲಿ ಆಮ್ಲಜನಕ ಇಳಿಯುವುದು, ಸಣ್ಣ ರಕ್ತನಾಳಗಳಲ್ಲಿ ಕಟ್ಟುವ ಹೆಪ್ಪು, ಹೃದಯ ಸೋತಾಗ ಲಿವರಿನಲ್ಲಿ ರಕ್ತ ತುಂಬಿ ನಿಲ್ಲುವುದು, ಮತ್ತು ನಾವು ನುಂಗುವ ಔಷಧಗಳು. ಆಸ್ಪತ್ರೆ ಸೇರಿದವರಲ್ಲಿ ಈ ಏರಿಕೆ ಸಾಮಾನ್ಯ, ಆದರೆ ಹೆಚ್ಚಿನವರಲ್ಲಿ ಅದು ಸಹಜ ಮಟ್ಟದ ಮೇಲಿನ ಮಿತಿಯ ಒಂದೆರಡು ಪಟ್ಟಿನೊಳಗೇ ಇರುತ್ತದೆ. ಐದು ಪಟ್ಟು ದಾಟುವುದು, ಕಣ್ಣು ಹಳದಿಯಾಗುವುದು ಕಡಿಮೆ. ಇನ್ನೊಂದು ಗುರುತೂ ಉಂಟು: ಕೊರೊನಾದಲ್ಲಿ ಸಾಮಾನ್ಯವಾಗಿ ಎಸ್‌ಜಿಒಟಿ ಮುಂದಿರುತ್ತದೆ. ಆ ಕಿಣ್ವ ಸ್ನಾಯುಗಳಲ್ಲೂ ಇರುವುದರಿಂದ ಮೈಕೈ ನೋವು ಜೋರಾಗಿದ್ದವರಲ್ಲಿ ಅದು ಲಿವರಿನ ಲೆಕ್ಕವೇ ಅಲ್ಲದಿರಬಹುದು. ಸ್ನಾಯುವಿನ ಕಿಣ್ವ ಅಳೆಯುವ ಸಿಪಿಕೆ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ. ನಿಮ್ಮ ವರದಿಯಲ್ಲಿ ಎಸ್‌ಜಿಪಿಟಿ ಮುಂದಿದೆ. ಅದು ಹೆಚ್ಚಾಗಿ ಲಿವರಿನದೇ ಕಿಣ್ವ.

ಈ ಎರಡು ಕಿಣ್ವಗಳನ್ನು ಹೇಗೆ ಓದಬೇಕು ಎಂಬುದರಲ್ಲೇ ಜನ ಎಡವುವುದು. ಮಳೆಗಾಲದಲ್ಲಿ ಮನೆಯೊಳಗೆ ಇಟ್ಟ ಪಾತ್ರೆಯಲ್ಲಿ ಎಷ್ಟು ನೀರು ಬಿತ್ತು ಎಂಬುದು ಒಡೆದ ಹೆಂಚಿನ ಲೆಕ್ಕ. ತೊಲೆ, ಗೋಡೆ ಗಟ್ಟಿಯಿದೆಯೇ ಎಂಬುದನ್ನು ಆ ನೀರು ಹೇಳುವುದಿಲ್ಲ. ಎಸ್‌ಜಿಪಿಟಿ, ಎಸ್‌ಜಿಒಟಿ ಎರಡೂ ಸೋರಿಕೆಯ ಅಳತೆ ಮಾತ್ರ. ಲಿವರ್ ತನ್ನ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಬಿಲಿರುಬಿನ್ (ಲಿವರ್ ಹೊರಹಾಕಬೇಕಾದ ಹಳದಿ ವಸ್ತು), ಆಲ್ಬುಮಿನ್ (ಲಿವರ್ ತಯಾರಿಸುವ ಪ್ರೋಟೀನ್), ಪಿಟಿ-ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) ನೋಡಬೇಕು. ನಿಮ್ಮ ಬಿಲಿರುಬಿನ್ 0.9 ಇದೆ, ಅದು ಸರಿಯಾಗಿದೆ. ಆಲ್ಬುಮಿನ್ ಮತ್ತು ಐಎನ್‌ಆರ್ ಬರೆದಿಲ್ಲ, ಮುಂದಿನ ಸಲ ಅವೂ ಇರಲಿ.

ಈಗ ದಿನದ ಲೆಕ್ಕ. ರಕ್ತಕ್ಕೆ ಸೋರಿದ ಎಸ್‌ಜಿಪಿಟಿ ಸುಮಾರು ಎರಡು ದಿನಕ್ಕೆ ಅರ್ಧವಾಗುತ್ತದೆ. ಎಸ್‌ಜಿಒಟಿ ಇನ್ನೂ ಬೇಗ, 17 ಗಂಟೆಯ ಸುಮಾರಿಗೆ. ಜ್ವರದ ದಿನಗಳಲ್ಲಿ ನಿಮಗೆ 400 ಇತ್ತು ಎಂದೇ ಇಟ್ಟುಕೊಳ್ಳಿ. ಸೋರಿಕೆ ಪೂರ್ತಿ ನಿಂತಿದ್ದರೆ ಆರು ದಿನಕ್ಕೆ ಅದು 50ಕ್ಕೆ ಇಳಿಯಬೇಕಿತ್ತು. ದೇಹದಲ್ಲಿ ಸೋರಿಕೆ ಒಮ್ಮೆಲೇ ನಿಲ್ಲುವುದಿಲ್ಲ, ಆದ್ದರಿಂದ ಎರಡು ಮೂರು ವಾರ ಹಿಡಿಯಬಹುದು. ಐದನೇ ವಾರದಲ್ಲಿ 118 ಇದೆ ಎಂದರೆ ಅದು ಹಳೆಯ ಸೋರಿಕೆಯ ಉಳಿಕೆಯಲ್ಲ. ಕಳೆದ ಕೆಲವು ದಿನಗಳಲ್ಲೂ ಏನೋ ಒಂದು ಲಿವರನ್ನು ಕೆಣಕುತ್ತಲೇ ಇದೆ.

ಆ ಏನೋ ಒಂದಕ್ಕೆ ನಿಮ್ಮ ಪತ್ರದಲ್ಲೇ ಇಬ್ಬರು ಮೂವರು ಆರೋಪಿಗಳಿದ್ದಾರೆ. ಮೊದಲನೆಯದು ಅಮೃತಬಳ್ಳಿ, ಯಾಕೆಂದರೆ ಅದೊಂದು ಮಾತ್ರ ಇವತ್ತಿನವರೆಗೂ ಹೊಟ್ಟೆಗೆ ಬೀಳುತ್ತಿದೆ. 2021ರಲ್ಲಿ ಮುಂಬೈಯ ಲಿವರ್ ತಜ್ಞರು ಅಮೃತಬಳ್ಳಿ ಸೇವಿಸಿ ಲಿವರಿಗೆ ಪೆಟ್ಟುಬಿದ್ದ ಆರು ಮಂದಿಯ ವಿವರ ಪ್ರಕಟಿಸಿದರು. ಮರುವರ್ಷ ದೇಶದ ಹಲವು ಕೇಂದ್ರಗಳಿಂದ 43 ರೋಗಿಗಳ ವರದಿ ಬಂತು. ದೇಹದ ರೋಗನಿರೋಧಕ ಶಕ್ತಿ ತನ್ನದೇ ಲಿವರಿನ ಮೇಲೆ ತಿರುಗಿಬೀಳುವ ತರಹದ ಹೆಪಟೈಟಿಸ್ ಅದು. ಥೈರಾಯ್ಡ್‌ನಂಥ ಸ್ವಯಂ ನಿರೋಧಕ ತೊಂದರೆ ಮೊದಲೇ ಇದ್ದವರಿಗೆ ಅಪಾಯ ಹೆಚ್ಚು. ಆಯುಷ್ ಸಚಿವಾಲಯ ಈ ಮಾತನ್ನು ಒಪ್ಪಲಿಲ್ಲ. ನೋಡಲು ಒಂದೇ ತರಹದ ಬೇರೆ ಬಳ್ಳಿ ಸೇರಿಕೊಂಡಿರಬಹುದು ಎಂದಿತು. ಇರಬಹುದು. ಆದರೆ ಬೇಲಿಯಿಂದ ಬಳ್ಳಿ ಕೊಯ್ದು ಕುದಿಸುವವರಿಗೆ ಆ ವಾದದಿಂದ ನೆಮ್ಮದಿಯೇನೂ ಸಿಗದು, ಯಾವ ಬಳ್ಳಿ ಪಾತ್ರೆಗೆ ಬಿದ್ದಿದೆ ಎಂದು ಹೇಳುವವರು ಯಾರು? ನಾಲ್ಕು ದಿನ ಕುಡಿದವರೆಲ್ಲರಿಗೂ ಲಿವರ್ ಹೋಗುತ್ತದೆ ಎಂದು ಯಾರೂ ಹೇಳುತ್ತಿಲ್ಲ. ವಾರಗಟ್ಟಲೆ, ದಿನಕ್ಕೆ ಮೂರು ಹೊತ್ತು, ಕಿಣ್ವ ಏರಿದ ಮೇಲೂ ಕುಡಿಯುವುದು ಮಾತ್ರ ಸರಿಯಲ್ಲ. ಬಳ್ಳಿ ಬಿಟ್ಟು, ಊಟದ ನಂತರ ಒಂದು ಲೋಟ ಜೀರಿಗೆ, ಕೊತ್ತಂಬರಿ ಕಷಾಯ ಕುಡಿದರೆ ಅಡ್ಡಿಯಿಲ್ಲ. ಬರಿಹೊಟ್ಟೆಗೆ ಕಾಳುಮೆಣಸು, ಶುಂಠಿ ಸುರಿದುಕೊಂಡರೆ ಎದೆಯುರಿ ಖಂಡಿತ.

ಎರಡನೆಯದು ಪ್ಯಾರಾಸಿಟಮಾಲ್, ಎಂದರೆ ನಿಮ್ಮ 650ರ ಮಾತ್ರೆ. ಅನುಮಾನ ಬರುವುದು ಸಹಜ, ಆದರೆ ಐದು ವಾರದ ನಂತರದ 118ಕ್ಕೆ ಅದು ಕಾರಣವಲ್ಲ; ಮುಂದಿನ ಜ್ವರಕ್ಕೆ ಬೇಕಾಗುವ ಲೆಕ್ಕ ಇದು. 650ರ ಮಾತ್ರೆ ದಿನಕ್ಕೆ ನಾಲ್ಕು ಎಂದರೆ 2,600 ಮಿಲಿಗ್ರಾಂ. ನೆಗಡಿ ಮಾತ್ರೆಗಳಲ್ಲೂ ಬಹುಪಾಲು ಪ್ಯಾರಾಸಿಟಮಾಲ್ ಸೇರಿರುತ್ತದೆ, ಕೆಲವದರಲ್ಲಿ 500 ಮಿಲಿಗ್ರಾಂ. ಅದು ಮೂರು ಹೊತ್ತು ಸೇರಿದರೆ 4,100 ಆಯಿತು. ಆರೋಗ್ಯವಂತ ವಯಸ್ಕರಿಗೆ ದಿನದ ಗಡಿ 4,000. ಊಟ ಸೇರದೆ ಉಪವಾಸವಿದ್ದವರು, ದಿನಾ ಕುಡಿಯುವವರು, ಲಿವರ್ ಕಾಯಿಲೆಯವರು 2,000 ದಾಟಬಾರದು. ಮಾತ್ರೆಯ ಪಟ್ಟಿಯ (ಸ್ಟ್ರಿಪ್) ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದಿ ಕೂಡಿಸಿಕೊಳ್ಳಿ.

ಆಂಟಿಬಯೋಟಿಕ್ ಹೆಸರು ನೆನಪಿಲ್ಲ ಎಂದಿದ್ದೀರಿ. ಖಾಲಿ ಪಟ್ಟಿ ಹುಡುಕಿ ತೆಗೆಯಿರಿ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಆಗಿದ್ದರೆ, ಮಾತ್ರೆ ಮುಗಿದು ಕೆಲವು ವಾರಗಳ ಮೇಲೂ ಲಿವರಿನಲ್ಲಿ ಪಿತ್ತ ಕಟ್ಟಿಕೊಳ್ಳುವ ತೊಂದರೆ ಬರುವುದುಂಟು. ಆಗ ಪಿತ್ತನಾಳದ ತೊಂದರೆ ತೋರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರಿರುತ್ತದೆ, ಮೈ ತುರಿಕೆ ಇರುತ್ತದೆ. ಇನ್ನೊಂದು ಮಾತು: ವೈರಸ್ಸಿಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಅಜಿತ್ರೊಮೈಸಿನ್ ಕರುಳನ್ನು ಕೆರಳಿಸಿ ಭೇದಿ ತರುತ್ತದೆ. ಡಾಕ್ಸಿಸೈಕ್ಲಿನ್ ನುಂಗಿ ಒಂದು ಗುಟುಕು ನೀರು ಕುಡಿದು ಮಲಗಿದರೆ ಅನ್ನನಾಳದಲ್ಲೇ ಹುಣ್ಣಾಗುತ್ತದೆ. ತುಂಬ ಲೋಟ ನೀರು ಕುಡಿದು ಅರ್ಧ ಗಂಟೆ ಕುಳಿತಿರಬೇಕು. ಸತು ಹೆಚ್ಚಾದರೆ ವಾಕರಿಕೆ, ವಿಟಮಿನ್ ಸಿ ದಿನಕ್ಕೆ 2 ಗ್ರಾಂ ಮೀರಿದರೆ ಭೇದಿ. ಕೊರೊನಾ ಕಾಲದ ಹೊಟ್ಟೆ ತೊಂದರೆಯಲ್ಲಿ ಎಷ್ಟು ಪಾಲು ವೈರಸ್ಸಿನದು, ಎಷ್ಟು ಪಾಲು ಮಾತ್ರೆ ಡಬ್ಬಿಯದು ಎಂದು ಬೇರ್ಪಡಿಸುವುದೇ ಕಷ್ಟ.

ಮೂರನೆಯದು ಮೊದಲೇ ಇದ್ದ ಕೊಬ್ಬಿನ ಲಿವರ್. ನಿಮ್ಮ ತೂಕ, ಸಕ್ಕರೆ ಕಾಯಿಲೆ, ಕುಡಿತದ ವಿಷಯ ಬರೆದಿಲ್ಲ. ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ದರೆ ಕೊಬ್ಬಿನ ಲಿವರ್ ಇರುವ ಸಾಧ್ಯತೆ ಹೆಚ್ಚು. ಎಸ್‌ಜಿಪಿಟಿ ಮುಂದೆ, ಎಸ್‌ಜಿಒಟಿ ಹಿಂದೆ ಇರುವ ನಿಮ್ಮ ವರದಿಗೆ ಅದು ಚೆನ್ನಾಗಿ ಹೊಂದುತ್ತದೆ. ಮದ್ಯದ ತೊಂದರೆಯಲ್ಲಿ ಉಲ್ಟಾ, ಎಸ್‌ಜಿಒಟಿ ಎರಡು ಪಟ್ಟಿನಷ್ಟು ಮುಂದಿರುತ್ತದೆ. ಎಷ್ಟೋ ಮಂದಿಗೆ ಕೊರೊನಾ ನೆಪದಲ್ಲಿ ಮೊದಲ ಸಲ ಲಿವರ್ ಪರೀಕ್ಷೆ ಆಗುತ್ತದೆ, ವರ್ಷಗಳಿಂದ ಇದ್ದದ್ದು ಆಗ ಕಣ್ಣಿಗೆ ಬೀಳುತ್ತದೆ, ಹೆಸರು ಕೊರೊನಾಕ್ಕೆ ಬರುತ್ತದೆ. ಹೊಟ್ಟೆಯ ಸ್ಕ್ಯಾನಿಂಗ್ ಒಂದು ಮಾಡಿಸಿ. ಕೊಬ್ಬು ಕಂಡರೆ ಮದ್ದು ಒಂದೇ: ಇದ್ದ ತೂಕದಲ್ಲಿ ನೂರಕ್ಕೆ 7ರಿಂದ 10 ಭಾಗ, ವಾರಕ್ಕೆ ಅರ್ಧ ಕಿಲೋದಂತೆ ಇಳಿಸುವುದು. ಸಕ್ಕರೆಯಿಲ್ಲದ ಕಾಫಿ ಲಿವರಿಗೆ ಒಳ್ಳೆಯದು ಎಂಬುದಕ್ಕೆ ಸಾಕಷ್ಟು ಆಧಾರವಿದೆ. ಮಲೆನಾಡಿನವರಿಗೆ ಇದನ್ನು ಹೇಳಲು ವೈದ್ಯರಿಗೂ ಖುಷಿ. ಆದರೆ ನಿಮ್ಮ ಭೇದಿ ನಿಲ್ಲುವವರೆಗೆ ಕಾಯಿರಿ.

ಮಲೆನಾಡಿನಲ್ಲಿದ್ದುಕೊಂಡು ಜ್ವರ, ಭೇದಿ, ಏರಿದ ಲಿವರ್ ಕಿಣ್ವ ಮೂರನ್ನೂ ಕಂಡಾಗ ಕೊರೊನಾ ಒಂದನ್ನೇ ನೆನೆಯುವುದು ತಪ್ಪು. ನಿಮಗೆ ಪರೀಕ್ಷೆಯಲ್ಲೇ ಕೊರೊನಾ ಬಂದಿದೆ, ಸರಿ. ಆದರೆ ಒಂದಿದ್ದ ಮಾತ್ರಕ್ಕೆ ಇನ್ನೊಂದು ಇರಬಾರದೆಂದಿಲ್ಲ. ಗದ್ದೆ ಕೆಸರಿನಲ್ಲಿ ಬರಿಗಾಲಲ್ಲಿ ನಿಲ್ಲುವವರಿಗೆ ಮಳೆಗಾಲದಲ್ಲಿ ಇಲಿಜ್ವರ ಬರುತ್ತದೆ: ಮೀನಖಂಡ ಮುಟ್ಟಿದರೆ ನೋವು, ಕಣ್ಣು ಕೆಂಪು, ಬಿಲಿರುಬಿನ್ ಬಹಳ ಏರಿದರೂ ಎಸ್‌ಜಿಪಿಟಿ ಅಷ್ಟೇನೂ ಏರಿರುವುದಿಲ್ಲ, ಮೂತ್ರ ಕಡಿಮೆಯಾಗಿ ಕಿಡ್ನಿಯ ಅಳತೆಯಾದ ಕ್ರಿಯಾಟಿನಿನ್ ಏರುತ್ತದೆ. ಡೆಂಗಿಯಲ್ಲಿ ಎಸ್‌ಜಿಒಟಿ ಮುಂದೆ, ಪ್ಲೇಟ್‌ಲೆಟ್ ಇಳಿಮುಖ. ಜ್ವರ ಬಿಟ್ಟ ಮೇಲೆ ಹೊಟ್ಟೆನೋವು, ನಿಲ್ಲದ ವಾಂತಿ ಬಂದರೆ ಅದೇ ಅಪಾಯದ ಹೊತ್ತು. ನವೆಂಬರಿನಿಂದ ಮೇ, ಜೂನ್‌ವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗದಲ್ಲೂ ಜ್ವರ, ತಲೆನೋವು, ಮೈಕೈ ನೋವಿನ ಜೊತೆ ವಾಂತಿ, ಭೇದಿ ಇರುತ್ತವೆ, ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಇಳಿಯುತ್ತವೆ, ಲಿವರ್ ಕಿಣ್ವ ಏರುತ್ತದೆ. ಸೊಪ್ಪು, ಒಣ ದರಗೆಲೆ ತರಲು ಕಾಡಿಗೆ ಹೋಗಿದ್ದರೆ, ಉಣುಗು ಕಚ್ಚಿದ್ದರೆ, ಹತ್ತಿರದಲ್ಲಿ ಮಂಗ ಸತ್ತಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪ್ಪದೆ ಹೇಳಿ. ರಕ್ತದ ಮಾದರಿ ಶಿವಮೊಗ್ಗದ ವೈರಸ್ ಪ್ರಯೋಗಾಲಯಕ್ಕೆ ಹೋಗುತ್ತದೆ. ಎಸ್‌ಜಿಪಿಟಿ ಸಾವಿರ ದಾಟಿ ಕಣ್ಣು ಹಳದಿಯಾದರೆ ಹೆಪಟೈಟಿಸ್ ಎ ಅಥವಾ ಇ ನೋಡಬೇಕು, ಅವು ನೀರಿನಿಂದ ಬರುವಂಥವು.

ನೀರಿನ ಮಾತು ಬಂದದ್ದರಿಂದ ನಿಮ್ಮ ಈಗಿನ ಹೊಟ್ಟೆ ಉಬ್ಬರದ ಬಗ್ಗೆ. ಕೊರೊನಾ ನಂತರ ಕರುಳಿನ ಉಪಯುಕ್ತ ಬ್ಯಾಕ್ಟೀರಿಯಾ ಏರುಪೇರಾಗುತ್ತವೆ, ಆಂಟಿಬಯೋಟಿಕ್ ನುಂಗಿದ್ದರೆ ಇನ್ನೂ ಹೆಚ್ಚು. ಕರುಳಿನ ಗೋಡೆಗೆ ಪೆಟ್ಟಾದಾಗ ಹಾಲಿನ ಸಕ್ಕರೆ ಜೀರ್ಣಿಸುವ ಕಿಣ್ವ ಕೆಲವು ವಾರ ಕಡಿಮೆಯಾಗಿರುತ್ತದೆ. ಆಗ ಹಾಲು, ಹಾಲಿನ ಕಾಫಿ, ಪಾಯಸ ಕುಡಿದ ಗಂಟೆಯೊಳಗೆ ಹೊಟ್ಟೆ ಗುಡುಗುಡು ಎನ್ನುತ್ತದೆ. ಹತ್ತು ದಿನ ಹಾಲು ಬಿಟ್ಟು ನೋಡಿ, ಮೊಸರು, ಮಜ್ಜಿಗೆ ಇರಲಿ. ಗುಣ ಕಂಡರೆ ಕಾರಣ ಸಿಕ್ಕಿದಂತೆ; ಮೂರು ನಾಲ್ಕು ವಾರ ಬಿಟ್ಟು ಅರ್ಧ ಲೋಟದಿಂದ ಮತ್ತೆ ಶುರುಮಾಡಬಹುದು. ಗುಣ ಕಾಣದಿದ್ದರೆ ಮಲ ಪರೀಕ್ಷೆ ಆಗಲೇಬೇಕು. ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರು, ತೆರೆದ ಬಾವಿಯ ನೀರು ಕಾಯಿಸದೆ ಕುಡಿಯುವವರಲ್ಲಿ ಜಿಯಾರ್ಡಿಯಾ ಎಂಬ ಪರಾವಲಂಬಿ ಹೀಗೇ ವಾರಗಟ್ಟಲೆ ಉಬ್ಬರ, ಜಿಡ್ಡು ಜಿಡ್ಡಾದ ದುರ್ವಾಸನೆಯ ಭೇದಿ ತರುತ್ತದೆ. ಅದಕ್ಕೆ ಸರಿಯಾದ ಮಾತ್ರೆ ಬೇರೆಯೇ ಇದೆ, ಕೊರೊನಾ ಎಂದು ಸುಮ್ಮನಿದ್ದರೆ ಹೋಗುವುದಿಲ್ಲ. ನೀರು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಯಲಿ, ಬೆಚ್ಚಗಾದರೆ ಸಾಲದು. ಇವೆರಡೂ ಅಲ್ಲದಿದ್ದರೆ ಸೋಂಕಿನ ನಂತರ ಕರುಳು ಅತಿಸೂಕ್ಷ್ಮವಾಗುವ ಸ್ಥಿತಿ ಇರಬಹುದು. ತಿಂಗಳುಗಳು ಕಾಡಿದರೂ ಅದು ಕರುಳನ್ನು ಹಾಳುಮಾಡುವುದಿಲ್ಲ.

ಪಥ್ಯದ ವಿಷಯದಲ್ಲಿ ಸ್ವಲ್ಪ ಖಾರವಾಗಿಯೇ ಹೇಳಬೇಕು. ಭೇದಿಯಾಗುವವರಿಗೆ ಉಪ್ಪು ನಿಲ್ಲಿಸುವುದು ಅಪಾಯ. ದೇಹದ ಸೋಡಿಯಂ ಮೊದಲೇ ಹೊರಗೆ ಹೋಗಿರುತ್ತದೆ, ಇನ್ನೂ ಇಳಿದರೆ ಮಂಕು ಕವಿಯುತ್ತದೆ, ವಯಸ್ಸಾದವರು ಮೂರ್ಛೆ ಹೋಗುತ್ತಾರೆ. ಉಪ್ಪು ಕಡಿಮೆ ಮಾಡುವುದು ಲಿವರ್ ಗಡಸಾಗಿ ಹೊಟ್ಟೆಯಲ್ಲಿ ನೀರು ತುಂಬಿದವರಿಗೆ, ನಿಮಗಲ್ಲ. ಎಣ್ಣೆ, ತುಪ್ಪ ಸೇರಿ ದಿನಕ್ಕೆ ನಾಲ್ಕೈದು ಚಹಾ ಚಮಚ ಇರಲಿ. ಕರಿದದ್ದು ವಾಕರಿಕೆ ತಂದರೆ ಬಿಡಿ, ಲಿವರ್ ಹೆಸರಿನಲ್ಲಿ ಅಲ್ಲ. ಗಂಜಿಗೆ ಉಪ್ಪು, ಒಂದು ಚಮಚ ತುಪ್ಪ, ಪಕ್ಕದಲ್ಲಿ ಒಂದೆಲಗದ ತಂಬುಳಿ, ಬೆಂದ ಹೆಸರುಬೇಳೆ, ತಿನ್ನುವವರಾದರೆ ಮೊಟ್ಟೆ. ಇದಕ್ಕಿಂತ ಒಳ್ಳೆಯ ಪಥ್ಯವಿಲ್ಲ. ಪ್ರೋಟೀನ್ ನಿಮ್ಮ ತೂಕದ ಪ್ರತಿ ಕಿಲೋಗೆ ದಿನಕ್ಕೆ 1 ಗ್ರಾಂ ಬೇಕು, ಬರೀ ಗಂಜಿಯಿಂದ ಅದು ಬರುವುದಿಲ್ಲ. ನೀರಾಗಿ ಭೇದಿಯಾದ ದಿನ ಓಆರ್‌ಎಸ್‌ನ ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ ಹಾಕಿ, ಪ್ರತಿ ಸಲ ಹೋದ ಮೇಲೆ ಒಂದು ಲೋಟ ಕುಡಿಯಿರಿ. ಅರ್ಧ ಪೊಟ್ಟಣ ಅಂದಾಜಿಗೆ ಒಂದು ಲೋಟಕ್ಕೆ ಹಾಕಿದರೆ ಲವಣ ಅತಿಯಾಗಿ ಭೇದಿ ಹೆಚ್ಚುತ್ತದೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡೂ ಸಮಮಟ್ಟ.

ಲಿವರ್ ಟಾನಿಕ್‌ಗಳು ಕೊರೊನಾ ನಂತರದ ಕಿಣ್ವವನ್ನು ಬೇಗ ಇಳಿಸುತ್ತವೆ ಎಂಬುದಕ್ಕೆ ಆಧಾರವಿಲ್ಲ. ನಿಮ್ಮ ವಿಷಯದಲ್ಲಿ ಅವು ಇನ್ನೊಂದು ತೊಂದರೆ ಮಾಡುತ್ತವೆ: ಕಷಾಯ ಬಿಟ್ಟದ್ದರಿಂದ ಇಳಿಯಿತೋ ಟಾನಿಕ್‌ನಿಂದಲೋ ಎಂದು ತಿಳಿಯದೆ ಹೋಗುತ್ತದೆ. ಕಾಮಾಲೆಗೆ ಕೊಡುವ ನಾಟಿ ಔಷಧಕ್ಕೂ ಇದೇ ಮಾತು. ಮದ್ಯ ಇದ್ದರೆ ಕಿಣ್ವ ಸಹಜಕ್ಕೆ ಬರುವವರೆಗೆ ಒಂದು ಹನಿಯೂ ಬೇಡ.

ಕೆಲವರ ಮಟ್ಟಿಗೆ ಮಾತ್ರ ಈ ಧೈರ್ಯದ ಮಾತು ಅನ್ವಯಿಸುವುದಿಲ್ಲ. ಲಿವರ್ ಸಿರೋಸಿಸ್ ಇದ್ದವರಿಗೆ ಕೊರೊನಾ ಬಂದರೆ ಹೊಟ್ಟೆಯಲ್ಲಿ ನೀರು, ರಕ್ತವಾಂತಿ, ಮಂಪರು ಕಾಣಿಸಿಕೊಳ್ಳಬಹುದು. ಅವರು ಮನೆಯಲ್ಲಿ ಕಾಯಬಾರದು. ಹೆಪಟೈಟಿಸ್ ಬಿ ಇರುವವರಿಗೆ ಸ್ಟಿರಾಯ್ಡ್ ಕೊಟ್ಟರೆ ಮಲಗಿದ್ದ ವೈರಸ್ ಏಳುವುದುಂಟು. ಐಸಿಯುನಲ್ಲಿ ವಾರಗಟ್ಟಲೆ ಇದ್ದು ಬಂದ ಕೆಲವರಿಗೆ ತಿಂಗಳುಗಳ ನಂತರ ಪಿತ್ತನಾಳಗಳು ಕಿರಿದಾಗಿ ಆಲ್ಕಲೈನ್ ಫಾಸ್ಫಟೇಸ್ ಏರುತ್ತಲೇ ಹೋಗುತ್ತದೆ. ಅದು ಗಂಭೀರ ಕಾಯಿಲೆ.

ನಿಮಗೆ ಕಣ್ಣು ಅಥವಾ ಮೂತ್ರ ಗಾಢ ಹಳದಿಯಾದರೆ, ಮಲದಲ್ಲಿ ರಕ್ತ ಬಂದರೆ ಅಥವಾ ಡಾಂಬರಿನಂತೆ ಕಪ್ಪಾದರೆ, ಮಾತು ತಡವರಿಸಿ ಹಗಲೆಲ್ಲ ನಿದ್ದೆ ಎಳೆದರೆ, ಎಂಟು ಗಂಟೆ ಮೂತ್ರವಾಗದಿದ್ದರೆ, ಮುಟ್ಟಿದರೆ ಮೆತ್ತಗಿದ್ದೂ ತಡೆಯಲಾಗದ ಹೊಟ್ಟೆನೋವು ಬಂದರೆ ಮರುದಿನಕ್ಕೆ ಕಾಯದೆ ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಗೆ ಹೊರಡಿ. ಕೊನೆಯದು ಕರುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ ಗುರುತಾಗಿರಬಹುದು, ಅಲ್ಲಿ ಗಂಟೆಗಳ ಲೆಕ್ಕ.

ಹಾಗೇನೂ ಇಲ್ಲದಿದ್ದರೆ ಎರಡು ವಾರದ ನಂತರ ಲಿವರ್ ಪರೀಕ್ಷೆ (ಎಲ್‌ಎಫ್‌ಟಿ) ಪೂರ್ತಿ, ಪಿಟಿ-ಐಎನ್‌ಆರ್, ರಕ್ತಕಣಗಳ ಎಣಿಕೆ, ಸಕ್ಕರೆ, ಹೆಪಟೈಟಿಸ್ ಬಿ ಮತ್ತು ಸಿ, ಮಲ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ. ಎಸ್‌ಜಿಪಿಟಿ 60ರ ಆಸುಪಾಸಿಗೆ ಇಳಿದಿದ್ದರೆ ಕಷಾಯದ ಮೇಲಿನ ಅನುಮಾನ ಗಟ್ಟಿಯಾಯಿತು, ಆ ಬಳ್ಳಿಯನ್ನು ಮತ್ತೆ ಮುಟ್ಟಬೇಡಿ, ಆರು ವಾರ ಬಿಟ್ಟು ಇನ್ನೊಮ್ಮೆ ನೋಡಿ. ಅಲ್ಲೇ ನಿಂತಿದ್ದು ಸ್ಕ್ಯಾನಿಂಗ್‌ನಲ್ಲಿ ಕೊಬ್ಬು ಕಂಡರೆ ತೂಕ ಇಳಿಸುವ ಕೆಲಸ ಶುರು. 200 ದಾಟಿದ್ದರೆ, ಅಥವಾ ಬಿಲಿರುಬಿನ್ 2ಕ್ಕಿಂತ ಮೇಲಿದ್ದರೆ ಲಿವರ್ ತಜ್ಞರನ್ನು ಅದೇ ವಾರ ಕಾಣಿ. ಹೋಗುವಾಗ ನುಂಗಿದ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ, ಎಲೆ ಸಮೇತ ಆ ಬಳ್ಳಿಯ ತುಂಡನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.